ವಿಟೆನ್‌ಬರ್ಗಿನಲ್ಲಿ ಹತ್ತು ಆಜ್ಞೆಗಳು

ಜರ್ಮನಿಯ ರಾಜಧಾನಿ ಬರ್ಲಿನ್ ನಗರದಿಂದ ನೈಋತ್ಯಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ, ಎಲ್ಬೆ ನದಿಯ ದಂಡೆಯ ಮೇಲೆ ವಿಟೆನ್‌ಬರ್ಗ್ ಎಂಬ ಪಟ್ಟಣವಿದೆ. ದೊಡ್ಡ ಊರೇನಲ್ಲ. ಹಳೆಯ ಪೇಟೆಯ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಆದರೆ ಈ ಅರ್ಧ ಗಂಟೆಯ ಹಾದಿಯಲ್ಲಿಯೇ ಹದಿನಾರನೆಯ ಶತಮಾನದ ಯುರೋಪು ತನ್ನ ಧರ್ಮಜೀವನದ ದಿಕ್ಕನ್ನು ಬದಲಿಸಿಕೊಂಡಿತು. ಮಾರ್ಟಿನ್ ಲೂಥರನು ಪಾಠ ಹೇಳಿದ್ದು, ಬೋಧಿಸಿದ್ದು, ಸಂಸಾರ ಹೂಡಿದ್ದು, ಕೊನೆಗೆ ಮಣ್ಣಾದದ್ದು ಈ ಊರಿನಲ್ಲಿ.

ಗಡಿನಾಡಿನ ಕನ್ನಡಿಗರಿಗೆ ಈ ಊರು ಅಷ್ಟೇನೂ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಅಲ್ಲಿಂದ ಮುಂದೆ ಮಲಬಾರಿನ ಕಡೆಗೂ ನೀಲಗಿರಿಯ ಕೇತಿಗೂ ಹೋದರು. ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಇನ್ನೊಬ್ಬರಾದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ಮಹಾ ನಿಘಂಟನ್ನು ಕೊಟ್ಟರು. ಇವರೆಲ್ಲರ ಧರ್ಮಶ್ರದ್ಧೆಯ ಬೇರುಗಳನ್ನು ಹುಡುಕುತ್ತ ಹೋದರೆ ಎಲ್ಬೆ ನದಿಯ ಈ ದಂಡೆಗೆ ಬಂದು ನಿಲ್ಲಬೇಕಾಗುತ್ತದೆ.

2018ರ ಶರತ್ಕಾಲದಲ್ಲಿ ನಾವು ಅಲ್ಲಿಗೆ ಹೋದಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ನಂಬಿಕೆಯಿಂದಲೇ ಹೊರತು ತಾನು ಗಳಿಸಿದ ಪುಣ್ಯದಿಂದಲ್ಲ ಎಂಬುದು ಲೂಥರನ ಬೋಧೆಯ ತಿರುಳು. ಹಾಗಿದ್ದರೆ ದೇವರೇ ಕೊಟ್ಟನೆಂದು ಹೇಳುವ ಆಜ್ಞೆಗಳ ಗತಿಯೇನು? ನಂಬಿದವನು ನಡೆಯದಿದ್ದರೂ ಸಲ್ಲುವುದೇ? ಈ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರಗಳಿವೆ. ಊರು ಏನು ಹೇಳುತ್ತದೆ ಎಂದು ನೋಡುವುದು ನಮ್ಮ ಆಸೆಯಾಗಿತ್ತು.

ಓಕ್ ಮರದ ಬುಡದಲ್ಲಿ

ರೈಲು ನಿಲ್ದಾಣದಿಂದ ಪೇಟೆಯ ಕಡೆಗೆ ನಡೆದರೆ ಪ್ರವೇಶದಲ್ಲಿಯೇ ಒಂದು ಓಕ್ ಮರ ಸಿಗುತ್ತದೆ. ಈಗಿರುವುದು 1830ರಲ್ಲಿ ನೆಟ್ಟ ಮರ. ಇದೇ ಸ್ಥಳದಲ್ಲಿ, ಎಲ್ಸ್ಟರ್ ಬಾಗಿಲಿನ ಹೊರಗೆ, 1520ರ ಡಿಸೆಂಬರ್ 10ರಂದು ಬೆಳಗ್ಗೆ ಲೂಥರನೂ ಅವನ ಸಂಗಡಿಗರೂ ಬೆಂಕಿ ಹಾಕಿದರು. ತನ್ನನ್ನು ಬಹಿಷ್ಕರಿಸುವುದಾಗಿ ಬೆದರಿಸಿದ ಪೋಪರ ಆಜ್ಞಾಪತ್ರವನ್ನು ಲೂಥರನು ಅದರಲ್ಲಿ ಎಸೆದನು. ಆ ಉರಿಯಲ್ಲಿ ಚರ್ಚಿನ ಕಾನೂನಿನ ಗ್ರಂಥಗಳೂ ಸುಟ್ಟುಹೋದವು.

ಈ ಕಥೆಯನ್ನು ಕೇಳಿದವರು ‘ಶಾಸ್ತ್ರವನ್ನೇ ಸುಟ್ಟವನು’ ಎಂದು ಲೂಥರನನ್ನು ಬಣ್ಣಿಸುವುದುಂಟು. ಅದು ಅರ್ಧ ಸತ್ಯ. ಅಂದು ಸುಟ್ಟದ್ದು ಮನುಷ್ಯರು ಕಟ್ಟಿದ ಕಟ್ಟಳೆಗಳನ್ನು. ಮೋಶೆಯ ಹತ್ತು ಆಜ್ಞೆಗಳು ಆ ಬೆಂಕಿಗೆ ಬೀಳಲಿಲ್ಲ. ಅವು ಎಲ್ಲಿ ಉಳಿದವು ಎಂಬುದಕ್ಕೆ ಸಾಕ್ಷಿ ನೂರಾರು ಹೆಜ್ಜೆಗಳಾಚೆಯೇ ನಮಗೆ ದೊರೆಯಿತು.

ಹತ್ತು ಚಿತ್ರಗಳ ಹಲಗೆ

ಮರವನ್ನು ದಾಟಿದ ಮೇಲೆ ಸಿಗುವ ದೊಡ್ಡ ಕಟ್ಟಡ ಒಂದು ಕಾಲಕ್ಕೆ ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿತ್ತು. ಲೂಥರನು ಇಲ್ಲಿಗೆ ಸನ್ಯಾಸಿಯಾಗಿ ಬಂದನು. 1525ರಲ್ಲಿ, ಮಠವನ್ನು ಬಿಟ್ಟುಬಂದಿದ್ದ ಕಾಥರೀನಾ ಫಾನ್ ಬೋರಾ ಎಂಬಾಕೆಯನ್ನು ಮದುವೆಯಾಗಿ, ಅದೇ ಕಟ್ಟಡದಲ್ಲಿ ಗೃಹಸ್ಥನಾದನು. ಮಕ್ಕಳು, ನೆಂಟರು, ಊಟಕ್ಕಿದ್ದ ವಿದ್ಯಾರ್ಥಿಗಳು, ದಿಕ್ಕಿಲ್ಲದೆ ಬಂದವರು—ಇಷ್ಟು ಮಂದಿಯ ಮನೆಯನ್ನು ಹೊಲ, ತೋಟ, ದನಕರುಗಳನ್ನು ನೋಡಿಕೊಂಡು ಸಾಗಿಸಿದವಳು ಆಕೆ. ನಂಬಿಕೆಯ ಕುರಿತಾದ ದೊಡ್ಡ ದೊಡ್ಡ ಮಾತುಗಳು ಆಕೆ ಬಡಿಸಿದ ಊಟದ ಮೇಜಿನ ಸುತ್ತಲೇ ನಡೆದವು.

ವಸ್ತುಸಂಗ್ರಹಾಲಯವಾಗಿರುವ ಈ ಭವನದ ಸಂಗ್ರಹದಲ್ಲಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮೂರು ಮೀಟರಿಗೂ ಹೆಚ್ಚು ಅಗಲದ ಒಂದು ಚಿತ್ರಫಲಕ. 1516ರಲ್ಲಿ, ಅಂದರೆ ಎಲ್ಲ ಗದ್ದಲ ಆರಂಭವಾಗುವುದಕ್ಕೆ ಒಂದು ವರ್ಷ ಮೊದಲು, ಹಿರಿಯ ಲೂಕಾಸ್ ಕ್ರಾನಾಖ್ ಎಂಬ ಆಸ್ಥಾನ ಚಿತ್ರಕಾರನ ಕಾರ್ಯಾಗಾರದಲ್ಲಿ ಇದು ಸಿದ್ಧವಾಯಿತು. ಹತ್ತು ಆಜ್ಞೆಗಳಿಗೆ ಹತ್ತು ಚಿತ್ರಗಳು. ಅದರಲ್ಲಿರುವವರು ಪುರಾಣ ಕಾಲದವರಲ್ಲ. ಆ ಊರಿನ ಉಡುಪು ತೊಟ್ಟ ಆ ಕಾಲದ ಜನರೇ ಕದಿಯುತ್ತಾರೆ, ಕೊಲ್ಲುತ್ತಾರೆ, ಸುಳ್ಳುಸಾಕ್ಷಿ ಹೇಳುತ್ತಾರೆ. ಈ ಹತ್ತೂ ಚಿತ್ರಗಳ ಮೇಲೆ ಒಂದೇ ಕಾಮನಬಿಲ್ಲು ಬಾಗಿಕೊಂಡಿದೆ. ಬೈಬಲ್ಲಿನಲ್ಲಿ ಕಾಮನಬಿಲ್ಲು ಪ್ರಳಯಾನಂತರ ದೇವರು ಮನುಷ್ಯರೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು. ಆಜ್ಞೆಯ ಮೇಲೆ ಕೃಪೆಯ ಕಮಾನು!

ಈ ಫಲಕವನ್ನು ಬರೆಸಿದ್ದು ಚರ್ಚಿಗಲ್ಲ, ಊರಿನ ಪುರಭವನದ ನ್ಯಾಯಸ್ಥಾನಕ್ಕೆ. ಮಂದಿ ವ್ಯಾಜ್ಯ ಹೊತ್ತು ಬಂದು ನಿಲ್ಲುತ್ತಿದ್ದ ಕೋಣೆಯಲ್ಲಿ ಇದು ಇದ್ದಿತು. ತೀರ್ಪು ಕೊಡುವವನೂ ತೀರ್ಪಿಗೆ ಒಳಗಾಗುವವನೂ ಒಂದೇ ಆಜ್ಞೆಯ ಕೆಳಗೆ ನಿಂತವರು ಎಂಬ ಸೂಚನೆ ಅದರಲ್ಲಿದ್ದಿರಬೇಕು.

ಅದೇ ಭವನದಲ್ಲಿ ಇನ್ನೊಂದು ವಸ್ತು: ಕಬ್ಬಿಣದ ಪಟ್ಟಿಗಳನ್ನು ಬಿಗಿದ ಹಳೆಯ ಪೆಟ್ಟಿಗೆ. ಇದು ಊರಿನ ಸಾಮಾನ್ಯ ನಿಧಿಯದು. 1522ರ ಜನವರಿಯಲ್ಲಿ ವಿಟೆನ್‌ಬರ್ಗಿನ ಪುರಸಭೆ ಒಂದು ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಭಿಕ್ಷಾಟನೆ ನಿಲ್ಲಬೇಕು. ಚರ್ಚಿನ ಆದಾಯಗಳೆಲ್ಲ ಒಂದೇ ನಿಧಿಗೆ ಸೇರಬೇಕು. ಅದರಿಂದ ಬಡವರನ್ನೂ ಅನಾಥರನ್ನೂ ಪೋಷಿಸಬೇಕು. ಬಡವರ ಹೆಣ್ಣುಮಕ್ಕಳ ಮದುವೆಗೆ ನೆರವಾಗಬೇಕು. ಕೈಕಸುಬಿನವರಿಗೆ ಸಾಲ ಕೊಡಬೇಕು. ಅದಕ್ಕೆ ಮೊದಲು ದಾನವೆಂದರೆ ಬಹುಮಟ್ಟಿಗೆ ಕೊಡುವವನ ಪುಣ್ಯದ ಲೆಕ್ಕವಾಗಿತ್ತು. ಪಡೆಯುವವನು ಆ ಲೆಕ್ಕಕ್ಕೊಂದು ನೆಪ. ಪುಣ್ಯದ ಲೆಕ್ಕವೇ ಬೇಡವೆಂದಾಗ ದಾನ ನಿಂತುಹೋಗಬೇಕಾಗಿತ್ತಲ್ಲವೇ? ಹಾಗಾಗಲಿಲ್ಲ. ಕಣ್ಣು ಕೊಡುವವನ ಕಡೆಯಿಂದ ಪಡೆಯುವವನ ಕಡೆಗೆ ತಿರುಗಿತು. ನಂಬಿಕೆಯ ಬೋಧೆ ಆಜ್ಞೆಯನ್ನು ಕಿತ್ತುಹಾಕಲಿಲ್ಲ, ಅದರ ಸ್ಥಾನವನ್ನು ಬದಲಿಸಿತು ಎಂಬುದಕ್ಕೆ ಆ ಪೆಟ್ಟಿಗೆಯೇ ನಮಗೆ ಮೊದಲ ಉತ್ತರವಾಯಿತು.

ಕಡಿವಾಣ, ಕನ್ನಡಿ, ದೀಪ

ಅದೇ ಬೀದಿಯಲ್ಲಿ ಮುಂದೆ ಫಿಲಿಪ್ ಮೆಲಾಂಖ್ತನ್ ಎಂಬ ಪಂಡಿತನ ಮನೆಯಿದೆ. ಲೂಥರನ ಗೆಳೆಯನಾದ ಈತನು ಗ್ರೀಕ್ ಭಾಷೆಯ ಅಧ್ಯಾಪಕ. ಗುಡುಗಿನ ಸ್ವಭಾವದ ಲೂಥರನಿಗೆ ಹೋಲಿಸಿದರೆ ತಣ್ಣನೆಯ ಮನುಷ್ಯ. ನಮ್ಮ ಪ್ರಶ್ನೆಯ ಮೇಲೆ ಈ ಊರಿನಲ್ಲಿಯೇ ಒಂದು ದೊಡ್ಡ ಜಗಳ ನಡೆದಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಯೋಹಾನ್ ಅಗ್ರಿಕೋಲಾ ಎಂಬುವನು ಲೂಥರನ ಶಿಷ್ಯ, ಒಂದೇ ಊರಿನಲ್ಲಿ ಹುಟ್ಟಿದವನು. ಲೂಥರನ ಬೋಧೆಯನ್ನು ಕೊನೆಯವರೆಗೆ ಎಳೆದರೆ ಹತ್ತು ಆಜ್ಞೆಗಳಿಗೆ ಚರ್ಚಿನಲ್ಲಿ ಸ್ಥಳವಿಲ್ಲ, ಅವು ನ್ಯಾಯಸ್ಥಾನದಲ್ಲಿರಲಿ ಎಂದು ಅವನು ವಾದಿಸಿದನು. ಪಶ್ಚಾತ್ತಾಪವನ್ನು ಹುಟ್ಟಿಸಲು ಸುವಾರ್ತೆ ಸಾಕು, ಧರ್ಮಶಾಸ್ತ್ರ ಬೇಡ ಎಂಬುದು ಅವನ ಮತ. ಶಿಷ್ಯನು ಗುರುವಿನ ಮಾತನ್ನೇ ಗುರುವಿನ ಮುಂದೆ ಹಿಡಿದಂತಾಯಿತು. 1537ರಿಂದ ಮುಂದೆ ಲೂಥರನು ಬಹಿರಂಗ ವಾದಸಭೆಗಳನ್ನು ನಡೆಸಿ ಇದನ್ನು ಖಂಡಿಸಿದನು. 1540ರಲ್ಲಿ ಅಗ್ರಿಕೋಲಾ ಊರು ಬಿಟ್ಟು ಬರ್ಲಿನ್ನಿಗೆ ಹೋದನು.

ಲೂಥರನ ಉತ್ತರ ಸ್ಥೂಲವಾಗಿ ಹೀಗಿತ್ತು. ಧರ್ಮಶಾಸ್ತ್ರಕ್ಕೆ ಎರಡು ಕೆಲಸಗಳಿವೆ. ಮೊದಲನೆಯದು ಕಡಿವಾಣದ ಕೆಲಸ: ನಂಬಿದವನನ್ನೂ ನಂಬದವನನ್ನೂ ಒಂದೇ ಸಮನೆ ಕೇಡಿನಿಂದ ತಡೆಯುವುದು. ಎರಡನೆಯದು ಕನ್ನಡಿಯ ಕೆಲಸ: ಮನುಷ್ಯನಿಗೆ ಅವನ ಮುಖದ ಮಸಿಯನ್ನು ತೋರಿಸುವುದು. ಕನ್ನಡಿ ಮುಖವನ್ನು ತೊಳೆಯಲಾರದು, ತೊಳೆಯುವುದು ಕೃಪೆ. ಆದರೆ ಕನ್ನಡಿಯನ್ನು ಒಡೆದು ಹಾಕಿದವನು ತಾನು ಶುಭ್ರನೆಂದೇ ತಿಳಿದಿರುತ್ತಾನೆ. ಮೆಲಾಂಖ್ತನನು ಇವಕ್ಕೆ ಮೂರನೆಯದೊಂದನ್ನು ಸೇರಿಸಿದನು, ದಾರಿದೀಪದ ಕೆಲಸ. ನಂಬಿಕೆಯಿಂದ ಬಿಡುಗಡೆ ಹೊಂದಿದವನು ಇನ್ನು ಯಾವ ದಾರಿಯಲ್ಲಿ ನಡೆಯಬೇಕೆಂದು ಅದೇ ಆಜ್ಞೆಗಳು ತೋರಿಸುತ್ತವೆ.

ಈ ಚರ್ಚೆ ಲೂಥರನಿಂದ ಹುಟ್ಟಿದ್ದೂ ಅಲ್ಲ. ಹೊಸ ಒಡಂಬಡಿಕೆಯಲ್ಲಿಯೇ ಅಪೊಸ್ತಲನಾದ ಪೌಲನೂ ಯಾಕೋಬನ ಪತ್ರಿಕೆಯೂ ಇದರಲ್ಲಿ ಎದುರುಬದುರು ನಿಂತಂತೆ ಕಾಣುತ್ತವೆ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಮಕ್ಕಳಿಲ್ಲದ ಮುದುಕನು ನಕ್ಷತ್ರಗಳನ್ನು ನೋಡುತ್ತ ದೇವರ ಮಾತನ್ನು ನಂಬಿದನು, ಅದೇ ಅವನಿಗೆ ನೀತಿಯೆಂದು ಎಣಿಸಲ್ಪಟ್ಟಿತು ಎನ್ನುತ್ತಾನೆ ಪೌಲ. ಅದೇ ಅಬ್ರಹಾಮನು ಮಗನನ್ನು ಯಜ್ಞವೇದಿಯವರೆಗೆ ಕರೆದೊಯ್ದಾಗ ಆ ನಂಬಿಕೆ ಕ್ರಿಯೆಯಲ್ಲಿ ತುಂಬಿಬಂದಿತು, ಕ್ರಿಯೆಯಿಲ್ಲದ ನಂಬಿಕೆ ಉಸಿರಿಲ್ಲದ ದೇಹ ಎನ್ನುತ್ತದೆ ಯಾಕೋಬನ ಪತ್ರಿಕೆ.

1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಲೂಥರನು ಪೌಲನ ಒಂದು ವಾಕ್ಯದಲ್ಲಿ ‘ನಂಬಿಕೆ’ಯ ಜೊತೆಗೆ, ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಶಬ್ದವನ್ನು ಸೇರಿಸಿದನು. ವಿರೋಧಿಗಳು ಕೂಗಾಡಿದರು. ಜರ್ಮನ್ ಆಡುನುಡಿಯ ಜಾಯಮಾನವೇ ಅದನ್ನು ಬೇಡುತ್ತದೆ ಎಂಬುದು ಅವನ ಸಮಾಧಾನ. ಕನ್ನಡಿಗರಿಗೆ ಇದು ಬೇಗ ಅರ್ಥವಾದೀತು. ‘ನಂಬಿಕೆಯಿಂದ’ ಎಂಬುದಕ್ಕೂ ‘ನಂಬಿಕೆಯಿಂದಲೇ’ ಎಂಬುದಕ್ಕೂ ನಡುವೆ ಇರುವುದು ಒಂದು ‘ಏ’ಕಾರ ಮಾತ್ರ, ಅರ್ಥದಲ್ಲಿ ಎಷ್ಟು ಅಂತರ! ಯಾಕೋಬನ ಪತ್ರಿಕೆಯನ್ನು ಅವನು ಅದೇ ಗ್ರಂಥದ ಮುನ್ನುಡಿಯಲ್ಲಿ ಹುಲ್ಲಿಗೆ ಹೋಲಿಸಿದನು. ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನು ಕೈಬಿಟ್ಟನು. ಆದರೆ ನಂಬಿಕೆ ಜೀವಂತವಾದದ್ದು, ಸುಮ್ಮನೆ ಕೂರಲಾರದ್ದು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮೊದಲೇ ಅದು ಮಾಡಿ ಮುಗಿಸಿರುತ್ತದೆ ಎಂಬರ್ಥದ ಮಾತನ್ನೂ ಅದೇ ಗ್ರಂಥದಲ್ಲಿ ಬರೆದವನು ಅವನೇ.

ಊರ ಚರ್ಚಿನ ಒಳಗೆ

ಪೇಟೆಯ ಚೌಕದ ಹಿಂದೆ ಎರಡು ಗೋಪುರಗಳ ಊರ ಚರ್ಚು ಇದೆ. ಲೂಥರನು ಹೆಚ್ಚಾಗಿ ಬೋಧಿಸುತ್ತಿದ್ದುದು ಇಲ್ಲಿಯೇ. 1522ರ ಆರಂಭದಲ್ಲಿ ಅವನು ದೂರದ ಕೋಟೆಯಲ್ಲಿ ಅಡಗಿದ್ದಾಗ, ಅವನ ಅನುಯಾಯಿಗಳು ಚರ್ಚಿನ ವಿಗ್ರಹ, ಚಿತ್ರಗಳನ್ನು ಕಿತ್ತೊಗೆಯಲು ಹೊರಟರು. ಸುಧಾರಣೆ ರಾತ್ರೋರಾತ್ರಿ ಆಗಬೇಕೆಂಬ ಹಟ. ಲೂಥರನು ಮಾರ್ಚ್ ತಿಂಗಳಲ್ಲಿ ಹಿಂದಿರುಗಿ ಎಂಟು ದಿನ ಸತತವಾಗಿ ಬೋಧಿಸಿ ಊರನ್ನು ಶಾಂತಗೊಳಿಸಿದನು. ನಿಮ್ಮಲ್ಲಿ ನಂಬಿಕೆಯಿದೆ, ಪ್ರೀತಿ ಕಾಣಿಸುತ್ತಿಲ್ಲ. ಒತ್ತಾಯದಿಂದ ಯಾರನ್ನೂ ದೇವರ ಬಳಿಗೆ ಎಳೆಯಲಾಗದು ಎಂಬುದು ಆ ಬೋಧೆಗಳ ಸಾರ.

ಒಳಗೆ 1547ರಲ್ಲಿ ಪ್ರತಿಷ್ಠೆಗೊಂಡ ಕ್ರಾನಾಖ್ ಮನೆತನದ ವೇದಿಕಾಚಿತ್ರಗಳಿವೆ. ಕೆಳಗಿನ ಫಲಕದಲ್ಲಿ ಬಲಕ್ಕೆ ಲೂಥರನು ಪೀಠದ ಮೇಲೆ ನಿಂತಿದ್ದಾನೆ, ಎಡಕ್ಕೆ ಸಭೆ ಕುಳಿತಿದೆ, ನಡುವೆ ಶಿಲುಬೆಯ ಮೇಲಿನ ಯೇಸು. ಬೋಧಕನ ಒಂದು ಕೈ ಗ್ರಂಥದ ಮೇಲಿದೆ, ಇನ್ನೊಂದು ಯೇಸುವನ್ನು ತೋರಿಸುತ್ತಿದೆ. ಮೇಲಿನ ಬಲ ಫಲಕದಲ್ಲಿ ಊರಿನ ಪಾದ್ರಿ ಬೂಗನ್‌ಹಾಗನ್ ಎರಡು ಬೀಗದಕೈಗಳನ್ನು ಹಿಡಿದಿದ್ದಾನೆ. ಮೊಣಕಾಲೂರಿ ಪಾಪವನ್ನೊಪ್ಪಿಕೊಂಡವನಿಗೆ ಒಂದು ಕೈ ತೆರೆಯುತ್ತದೆ. ಸೊಕ್ಕಿನಿಂದ ನಿಂತವನು ಕಟ್ಟಿದ ಕೈಗಳೊಂದಿಗೆ ಹೊರಟುಹೋಗುತ್ತಾನೆ. ನಂಬಿಕೆಯಿದ್ದರೆ ಸಾಕು, ನಡತೆ ಹೇಗಿದ್ದರೂ ನಡೆದೀತು ಎಂದು ಹೇಳುವವರು ಈ ಎರಡನೆಯ ಬೀಗದಕೈಯನ್ನು ನೋಡಿರಲಾರರು.

ಅದೇ ಚರ್ಚಿನ ಹೊರಗೆ

ಹೊರಗೆ ಬಂದು ಆಗ್ನೇಯ ಮೂಲೆಗೆ ಹೋಗಿ ತಲೆಯೆತ್ತಿ ನೋಡಬೇಕು. ಗೋಡೆಯ ಮೇಲ್ಭಾಗದಲ್ಲಿ ಒಂದು ಹಂದಿಯ ಶಿಲ್ಪವಿದೆ. ಅದರ ಮೊಲೆಗೆ ಬಾಯಿಡುವ, ಅದರ ಬಾಲವನ್ನೆತ್ತುವ ಮನುಷ್ಯರಿದ್ದಾರೆ. ಅವರ ಉಡುಗೆಯಿಂದ ಅವರು ಯೆಹೂದ್ಯರೆಂದು ಗುರುತಿಸಬಹುದು. ಇದು ಲೂಥರನಿಗಿಂತ ಎರಡು ಶತಮಾನಗಳಷ್ಟು ಹಿಂದಿನದು. ದೇವರ ವಿಧಿಗೆ ತಲೆಬಾಗಿ ಹಂದಿಯನ್ನು ಮುಟ್ಟದೆ ಬಾಳಿದ ಒಂದು ಜನಾಂಗವನ್ನು, ಆ ಹಂದಿಯನ್ನೇ ಮುಂದಿಟ್ಟು ಹೀಗಳೆದ ಕಲ್ಲು ಅದು. ಶಿಲ್ಪದ ಮೇಲೆ ಕೆತ್ತಿದ ಅಕ್ಷರಗಳು ಮಾತ್ರ 1570ರವು. ಯೆಹೂದ್ಯರು ಉಚ್ಚರಿಸಲೂ ಅಂಜುವ ದೇವರ ಪವಿತ್ರ ನಾಮವನ್ನು ಕುರಿತು ಲೂಥರನು 1543ರಲ್ಲಿ ಬರೆದ ಒಂದು ನಿಂದಾಗ್ರಂಥದಿಂದ ಅವು ಬಂದವು.

ಇಲ್ಲಿ ನಾವು ಬಹಳ ಹೊತ್ತು ಮೌನವಾಗಿದ್ದೆವು. 1529ರಲ್ಲಿ ಲೂಥರನು ಮನೆಯ ಯಜಮಾನರು ಮಕ್ಕಳಿಗೆ ಕಲಿಸಲೆಂದು ಚಿಕ್ಕ ಪ್ರಶ್ನೋತ್ತರ ಗ್ರಂಥವನ್ನು ಬರೆದನು. ಅದರಲ್ಲಿ ಮೊದಲಿಗೆ ಬರುವುದು ಹತ್ತು ಆಜ್ಞೆಗಳೇ. ನಂಬಿಕೆಯ ಪ್ರಮಾಣ ಎರಡನೆಯದು. ಲೂಥರನ್ ಎಣಿಕೆಯ ಎಂಟನೆಯ ಆಜ್ಞೆ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬುದು. ಸುಳ್ಳಾಡದಿದ್ದರಷ್ಟೇ ಸಾಲದು, ನೆರೆಯವನ ಪರವಾಗಿ ಮಾತಾಡಬೇಕು, ಅವನ ನಡೆಗೆ ಒಳ್ಳೆಯ ಅರ್ಥವನ್ನೇ ಕಟ್ಟಬೇಕು ಎಂದು ಅವನು ಅದಕ್ಕೆ ವಿವರಣೆ ಕೊಟ್ಟನು. ಅದಕ್ಕೂ ಮೊದಲು, 1523ರಲ್ಲಿ, ಯೇಸುವೂ ಹುಟ್ಟಿನಿಂದ ಯೆಹೂದ್ಯನೇ ಎಂದು ನೆನಪಿಸಿ ಆ ಜನರೊಡನೆ ಸೌಮ್ಯವಾಗಿ ನಡೆಯಿರೆಂದು ಬರೆದವನೂ ಅವನೇ. ಅದೇ ಲೇಖನಿ 1543ರಲ್ಲಿ ಅವರ ಸಭಾಮಂದಿರಗಳನ್ನು ಸುಡಿರಿ, ಮನೆಗಳನ್ನು ಕೆಡವಿರಿ ಎಂದು ಅರಸರಿಗೆ ಸಲಹೆ ಬರೆಯಿತು. ನಾನೂರು ವರ್ಷಗಳ ತರುವಾಯ ನಾಜಿಗಳು ಆ ಮಾತುಗಳನ್ನು ಹುಡುಕಿ ತೆಗೆದು ಮೆರೆಸಿದರು.

ಅವನ ನಂಬಿಕೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಕೊರತೆಯಾದದ್ದು ಎಂಟನೆಯ ಆಜ್ಞೆಗೆ ವಿಧೇಯತೆ. ಅದರ ಬೆಲೆಯನ್ನು ತೆತ್ತವರು ಬೇರೆಯವರು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರಿಕೆ ಎಚ್ಚರಿಸಿತ್ತು. ಪ್ರೀತಿಯಿಲ್ಲದ ನಂಬಿಕೆ ಕೊಲ್ಲಬಲ್ಲದು ಎಂದು ಈ ಗೋಡೆ ಹೇಳುತ್ತದೆ.

ಊರಿನವರು ಇದನ್ನು ಮುಚ್ಚಿಡಲಿಲ್ಲ. 1938ರ ಯೆಹೂದ್ಯ ಹಿಂಸಾಕಾಂಡಕ್ಕೆ ಐವತ್ತು ವರ್ಷ ತುಂಬಿದ 1988ರ ನವೆಂಬರಿನಲ್ಲಿ, ಶಿಲ್ಪದ ನೇರ ಕೆಳಗೆ ನೆಲದಲ್ಲಿ ಕಂಚಿನ ಫಲಕವೊಂದನ್ನು ಕೂರಿಸಿದರು. ಒತ್ತಿ ಮುಚ್ಚಿದ ಚಪ್ಪಡಿಗಳ ಸಂದಿನಿಂದ ಏನೋ ಉಕ್ಕಿ ಬರುವಂತೆ ಅದನ್ನು ಎರಕ ಹೊಯ್ಯಲಾಗಿದೆ. ಸಂದುಗಳು ಶಿಲುಬೆಯ ಆಕಾರದಲ್ಲಿವೆ. ಶಿಲುಬೆಯ ಗುರುತಿನ ಕೆಳಗೆ ಸತ್ತ ಅರುವತ್ತು ಲಕ್ಷ ಯೆಹೂದ್ಯರ ನೆನಪು ಅದರ ಬರಹದಲ್ಲಿದೆ. ಶಿಲ್ಪವನ್ನೇ ತೆಗೆಸಬೇಕೆಂದು ಯೆಹೂದ್ಯರೊಬ್ಬರು ಹೂಡಿದ ದಾವೆಯನ್ನು ಜರ್ಮನಿಯ ಉಚ್ಚ ನ್ಯಾಯಪೀಠ 2022ರ ಜೂನಿನಲ್ಲಿ ತಳ್ಳಿಹಾಕಿತು. ಕಂಚಿನ ಫಲಕವೂ ವಿವರಣೆಯ ಹಲಗೆಯೂ ಅವಮಾನದ ಕಲ್ಲನ್ನು ಎಚ್ಚರಿಕೆಯ ಸ್ಮಾರಕವಾಗಿ ಮಾರ್ಪಡಿಸಿವೆ ಎಂಬುದು ಅದರ ಅಭಿಪ್ರಾಯ. ಇದಕ್ಕೆ ಎಲ್ಲರೂ ಒಪ್ಪಿಲ್ಲ; ಒಪ್ಪದವರ ನೋವು ನ್ಯಾಯವಾದದ್ದೇ.

ಕೋಟೆಯ ಚರ್ಚಿನ ಬಾಗಿಲು

ಬೀದಿಯ ಪಶ್ಚಿಮದ ತುದಿಯಲ್ಲಿ ಕೋಟೆಯ ಚರ್ಚು. 1517ರ ಅಕ್ಟೋಬರ್ 31ರಂದು ಲೂಥರನು 95 ವಾದಸೂತ್ರಗಳನ್ನು ಇದರ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದನೆಂದು ಪ್ರತೀತಿ. ಮೊಳೆ ಹೊಡೆದನೋ ಇಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ; ಅಂದು ಅವನ್ನು ಮೈನ್ಸಿನ ಆರ್ಚ್‌ಬಿಷಪ್ಪನಿಗೆ ಕಳುಹಿಸಿದ್ದು ನಿಜ. ಮರದ ಬಾಗಿಲು 1760ರ ಯುದ್ಧದಲ್ಲಿ ಸುಟ್ಟುಹೋಯಿತು. ಈಗಿನ ಕಂಚಿನ ಬಾಗಿಲು 1858ರದು. ಸೂತ್ರಗಳೆಲ್ಲ ಅದರ ಮೇಲೆ ಲ್ಯಾಟಿನ್ನಿನಲ್ಲಿ ಮೂಡಿವೆ.

ಈ ಚರ್ಚು ಆಗ ಸಂತರ ಅವಶೇಷಗಳ ಭಂಡಾರ. ಸ್ಯಾಕ್ಸನಿಯ ಅರಸನು ಕೂಡಿಸಿದ್ದ ಸುಮಾರು 19,000 ಅವಶೇಷಗಳನ್ನು ದರ್ಶನ ಮಾಡಿ ಕಾಣಿಕೆ ಕೊಟ್ಟವರಿಗೆ ಪಾಪದಂಡನೆಯಲ್ಲಿ ಲಕ್ಷಾಂತರ ವರ್ಷಗಳ ವಿನಾಯಿತಿ ಎಂದು ಲೆಕ್ಕ ಕಟ್ಟಿದ್ದರು. ನೆರೆಯ ಸೀಮೆಯಲ್ಲಿ ಹಣಕ್ಕೆ ಕ್ಷಮಾಪತ್ರಗಳ ಮಾರಾಟ ನಡೆದಿತ್ತು. ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವೆಂದರೆ, ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪವಾಗಿರಬೇಕು ಎಂಬುದು. ಬಡವನಿಗೆ ಕೊಟ್ಟವನು ಕ್ಷಮಾಪತ್ರ ಕೊಂಡವನಿಗಿಂತ ಉತ್ತಮ ಎಂಬ ಸೂತ್ರವೂ ಅಲ್ಲಿದೆ. ಹೀಗೆ ನೋಡಿದರೆ ಆ ಬಾಗಿಲಿನಿಂದ ಹೊರಟ ಕೂಗು ವಿಧೇಯತೆಯನ್ನು ಅಗ್ಗ ಮಾಡಿದವರ ವಿರುದ್ಧವೇ ಆಗಿತ್ತು.

ಒಳಗೆ ಲೂಥರನ ಸಮಾಧಿಯೂ ಮೆಲಾಂಖ್ತನನ ಸಮಾಧಿಯೂ ಎದುರುಬದುರಾಗಿವೆ. ಊರ ಚರ್ಚಿನ ಚಿತ್ರಗಳು ಪ್ರತಿಷ್ಠೆಯಾದ ಅದೇ 1547ರಲ್ಲಿ ಕ್ಯಾಥೊಲಿಕರ ತ್ರೆಂತ್ ಮಹಾಸಭೆ ಲೂಥರನ ಬೋಧೆಗೆ ತನ್ನ ಉತ್ತರವನ್ನು ಕೊಟ್ಟಿತು: ಕೃಪೆಯೇ ಮೊದಲು, ಆದರೆ ಮನುಷ್ಯನು ಅದರೊಡನೆ ಸಹಕರಿಸಬೇಕು, ಪ್ರೀತಿಯೊಡಗೂಡದ ನಂಬಿಕೆ ಸಾಲದು. ಈ ಒಂದು ಮಾತಿನ ಸುತ್ತ ಎಷ್ಟೋ ರಕ್ತ ಹರಿದ ಮೇಲೆ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಕೂಡಿ ಒಂದು ಘೋಷಣೆಗೆ ಸಹಿ ಹಾಕಿದರು. ರಕ್ಷಣೆ ದೇವರ ಕೃಪೆಯಿಂದ ನಂಬಿಕೆಯ ಮೂಲಕ. ಸತ್ಕ್ರಿಯೆಗಳು ಅದರ ಫಲ ಎಂಬಲ್ಲಿ ಇಬ್ಬರೂ ಕೈಕೂಡಿಸಿದರು.

ಕತ್ತಿಯಿಂದ ನೇಗಿಲು

ನಿಲ್ದಾಣಕ್ಕೆ ಮರಳುವಾಗ ಮತ್ತೊಮ್ಮೆ ಲೂಥರ್ ಭವನದ ಅಂಗಳವನ್ನು ಹಾದು ಬಂದೆವು. ಈ ಅಂಗಳಕ್ಕೆ ಹತ್ತಿರದ ಕಾಲದ ಒಂದು ಕಥೆಯಿದೆ. ವಿಟೆನ್‌ಬರ್ಗ್ ಪೂರ್ವ ಜರ್ಮನಿಯ ಕಮ್ಯೂನಿಸ್ಟ್ ಆಳ್ವಿಕೆಯಲ್ಲಿದ್ದ ಕಾಲ. ಕತ್ತಿಗಳನ್ನು ನೇಗಿಲುಗಳನ್ನಾಗಿ ಬಡಿಯುವರೆಂಬ ಪ್ರವಾದಿಗಳ ಮಾತನ್ನು ಬಟ್ಟೆಯ ತುಂಡಿನ ಮೇಲೆ ಅಚ್ಚು ಹಾಕಿಸಿ ತೋಳಿಗೆ ಹೊಲಿದುಕೊಂಡ ತರುಣರನ್ನು ಸರಕಾರ ಪೀಡಿಸುತ್ತಿತ್ತು. 1983ರ ಸೆಪ್ಟೆಂಬರ್ 24ರ ರಾತ್ರಿ ಪಾದ್ರಿ ಫ್ರೀಡ್ರಿಖ್ ಶೋರ್ಲೆಮ್ಮರ್ ಅವರ ಮುಂದಾಳುತನದಲ್ಲಿ ಜನ ಈ ಅಂಗಳದಲ್ಲಿ ಸೇರಿದರು. ಕಮ್ಮಾರನೊಬ್ಬನು ಕುಲುಮೆ ಹೂಡಿ, ಒಂದು ಕತ್ತಿಯನ್ನು ಕಾಯಿಸಿ, ಎಲ್ಲರ ಕಣ್ಣೆದುರಿಗೆ ಬಡಿದು ನೇಗಿಲಿನ ಗುಳವನ್ನಾಗಿ ಮಾಡಿದನು. ಆ ಕತ್ತಿಯನ್ನು ಬಡಿದುದರಿಂದ ಯಾರಿಗೂ ಸ್ವರ್ಗದ ವಿನಾಯಿತಿ ದೊರೆಯುತ್ತಿರಲಿಲ್ಲ. ಲೋಕದ ಲಾಭವಂತೂ ಇರಲಿಲ್ಲ. ಮಾಡದೆ ಇರಲಾರದ್ದರಿಂದ ಮಾಡಿದರು.

ನಮ್ಮ ಪ್ರಶ್ನೆಗೆ ಆ ಊರು ಕೊಟ್ಟ ಉತ್ತರ ಇಷ್ಟು. ನಂಬಿಕೆ ಬೇರು, ವಿಧೇಯತೆ ಹಣ್ಣು. ಹಣ್ಣನ್ನು ಕಟ್ಟಿ ಮರವನ್ನು ಬೆಳೆಸಲಾಗದೆಂದು ಲೂಥರನು ಹೇಳಿದ್ದು ಸರಿ. ಆದರೆ ಬೇರು ಕಾಣುವುದು ದೇವರಿಗೆ ಮಾತ್ರ. ಓಣಿಯಾಚೆಯ ನೆರೆಯವನಿಗೆ ದಕ್ಕುವುದು ಹಣ್ಣೊಂದೇ. ಆ ನೆರೆಯವನು ನಮ್ಮ ಮತದವನಲ್ಲದಿದ್ದಾಗ, ನಮ್ಮ ನುಡಿಯವನಲ್ಲದಿದ್ದಾಗ, ಅವನ ಕೈಗೆ ನಾವು ಇಟ್ಟದ್ದು ಏನು ಎಂಬುದರಿಂದಲೇ ನಮ್ಮ ನಂಬಿಕೆಯ ಬೆಲೆ ಅವನಿಗೆ ತಿಳಿಯುತ್ತದೆ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.